ಮುಚ್ಚಳದ ಆಮೆ ಮತ್ತು ನಮ್ಮ ಹಿತ್ತಿಲ ಕೊಳ

ನಮ್ಮ ಮನೆಯ ಹಿಂದೆ ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ಆಳದ ಒಂದು ಸಿಮೆಂಟಿನ ಕೊಳ ಇದೆ. ನಾನು ನಿವೃತ್ತನಾದ ಮೇಲೆ ಕಟ್ಟಿಸಿದ್ದು. ಗುಡ್ಡೆಯ ಸುರಂಗದಿಂದ ಪೈಪಿನಲ್ಲಿ ಬರುವ ನೀರು ಅದಕ್ಕೆ ಬೀಳುತ್ತದೆ, ತುಂಬಿ ಹೆಚ್ಚಾದದ್ದು ತೋಟದ ಕಣಿಗೆ ಹೋಗುತ್ತದೆ. ಮಕ್ಕಳೇ, ಸುರಂಗ ಎಂದರೆ ರೈಲು ಹೋಗುವ ಸುರಂಗ ಎಂದುಕೊಳ್ಳಬೇಡಿ. ನಮ್ಮ ಕನ್ಯಾನ, ಅಲ್ಲಿಂದ ಆಚೆ ಕೇರಳದ ಗಡಿ ದಾಟಿದರೆ ಸಿಗುವ ಬಾಯಾರು, ಎಣ್ಮಕಜೆ ಮುಂತಾದ ಊರುಗಳಲ್ಲಿ ಕೆಂಪುಕಲ್ಲಿನ ಗುಡ್ಡೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ದೊಡ್ಡ ತೂತು ಕೊರೆದು ನೀರು ತರುತ್ತಾರೆ. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಬರುತ್ತದೆ.

ಆ ಕೊಳದಲ್ಲಿ ಗಪ್ಪಿ ಮೀನುಗಳಿದ್ದವು. ಕಳೆದ ಬಾರಿ ಕಾಟ್ಲಾ ಜಾತಿಯ 40 ಮರಿಗಳನ್ನೂ ತಂದು ಬಿಟ್ಟಿದ್ದೆ. ನಾನು ಬ್ಯಾಂಕಿನಲ್ಲಿ 38 ವರ್ಷ ಗುಮಾಸ್ತನಾಗಿದ್ದವನು. ಬಿ.ಕಾಂ. ಓದಿದವನಿಗೆ ಲೆಕ್ಕ ಬರೆಯದೆ ನಿದ್ದೆ ಬರುವುದಿಲ್ಲ ಎಂದು ನನ್ನ ಹೆಂಡತಿ ಹೇಳುವುದುಂಟು. ಹಾಗಾಗಿ ಮೀನಿಗೂ ಒಂದು ಪುಸ್ತಕ ಇಟ್ಟಿದ್ದೆ. ತಂದದ್ದೆಷ್ಟು, ಸತ್ತದ್ದೆಷ್ಟು, ಮಿಂಚುಳ್ಳಿ ಹಕ್ಕಿ ಕೊಂಡುಹೋದದ್ದು ಅಂದಾಜು ಎಷ್ಟು ಎಂದೆಲ್ಲ.

2024ರ ಏಪ್ರಿಲ್ 21, ಭಾನುವಾರ. ನಮ್ಮ ತೋಟದ ಮೇಲ್ಬದಿಯಲ್ಲಿ ಮೂರು ಮನೆಯವರಿಗೆ ಸೇರಿದ ಒಂದು ಮದಕ ಇದೆ. ಮಳೆನೀರು ತಂಗುವ ಹಳೆಯ ಕೆರೆ. ವರ್ಷಗಟ್ಟಲೆ ಹೂಳು ತುಂಬಿ ಬೇಸಗೆಯಲ್ಲಿ ಎಮ್ಮೆ ಮಲಗುವಷ್ಟು ಕೆಸರು ಮಾತ್ರ ಉಳಿಯುತ್ತಿತ್ತು. ಆ ವರ್ಷ ಮೂವರೂ ಸೇರಿ ಹಣ ಹಾಕಿ ಜೆಸಿಬಿ ತರಿಸಿದೆವು. ಹತ್ತು ಗಂಟೆಯ ಹೊತ್ತಿಗೆ ಕೆಲಸದವರು "ಏಮೆ, ಏಮೆ!" ಎಂದು ಕೂಗಿದ್ದು ಕೇಳಿಸಿತು. ತುಳುವಿನಲ್ಲಿ ಏಮೆ ಎಂದರೆ ಆಮೆ. ರಜೆಯಲ್ಲಿ ಮಂಗಳೂರಿನಿಂದ ಬಂದಿದ್ದ ಪುಳ್ಳಿ, ಎಂದರೆ ನನ್ನ ಮಗನ ಮಗಳು, ಐದನೇ ಕ್ಲಾಸಿನವಳು, ನನಗಿಂತ ಮೊದಲೇ ಓಡಿದಳು.

ಕೆಸರಿನ ಹೆಂಟೆಯೊಂದಿಗೆ ಮೇಲೆ ಬಂದದ್ದು ಊಟದ ಬಟ್ಟಲಿನಷ್ಟು ಅಗಲದ ಒಂದು ಆಮೆ. ಯಂತ್ರದ ಹಲ್ಲು ತಾಗಿ ಚಿಪ್ಪಿನ ಬಲಗಡೆಯ ಅಂಚು ಹರಿದು ರಕ್ತ ಜಿನುಗುತ್ತಿತ್ತು. ಕೆಲಸದವರಲ್ಲಿ ಒಬ್ಬ, "ಸಾರಿಗೆ ಒಳ್ಳೇದುಂಟು" ಎಂದ. ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ, ಪುಳ್ಳಿ ಮಾತ್ರ ಅದನ್ನು ತನ್ನ ಟವೆಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಮನೆಗೆ ನಡೆದೇಬಿಟ್ಟಳು.

ಮನೆಯಲ್ಲಿ ಸ್ವಾಗತ ಅಷ್ಟೇನೂ ಚೆನ್ನಾಗಿರಲಿಲ್ಲ. ಆಮೆ ಹೊಕ್ಕ ಮನೆಯೂ ಅಮೀನ ಹೊಕ್ಕ ಮನೆಯೂ ಉದ್ಧಾರವಾಗುವುದಿಲ್ಲ ಎಂದು ಹೇಳುತ್ತಾರಲ್ಲ, ನನ್ನ ಹೆಂಡತಿ ಅದನ್ನೇ ನೆನಪಿಸಿದಳು. ಸಾಲ ತೀರಿಸದವರ ಮನೆಗೆ ಅಮೀನರ ಜೊತೆ ಜಪ್ತಿಗೆ ಹೋದವನು ನಾನು. ಆ ಗಾದೆಯ ಅರ್ಧ ನನಗೂ ಸಲ್ಲಬೇಕಾದದ್ದು ಎಂದೆ. ಅವಳು ನಗಲಿಲ್ಲ. ಆದರೆ ರಕ್ತ ಕಂಡ ಮೇಲೆ ಅವಳೇ ಅರಸಿನ ತರಲು ಒಳಗೆ ಹೋದಳು.

ಅರಸಿನ ಹಾಕುವ ಮೊದಲು ದನದ ಡಾಕ್ಟರಿಗೆ ಫೋನು ಮಾಡಿದ್ದು ಒಳ್ಳೆಯದಾಯಿತು. ಅವರು ಹತ್ತಿರದಲ್ಲೇ ಯಾರದೋ ದನದ ಕರು ಹಾಕಿಸಲು ಬಂದಿದ್ದರು. ಅರಸಿನ ಬೇಡ, ಎಣ್ಣೆಯಂತೂ ಮುಟ್ಟಿಸಲೇಬೇಡಿ ಎಂದರು. ಉಪ್ಪುನೀರಿನಿಂದ ಕೆಸರು ತೊಳೆದು, ಅಯೋಡಿನ್ ಔಷಧಿಯನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಹಚ್ಚಿದರು. ಈ ಜಾತಿಯ ಆಮೆಯ ಚಿಪ್ಪಿನ ಮೇಲೆ ಚರ್ಮ ಇರುತ್ತದೆ, ಒಣಗಿದರೆ ಕಷ್ಟ. ಹಾಗೆಂದು ನೀರಿನಲ್ಲಿ ಮುಳುಗಿಸಿಟ್ಟರೆ ಗಾಯ ಮಾಗದು. ಆದ್ದರಿಂದ ಒಂದು ದೊಡ್ಡ ಟಬ್ಬಿನಲ್ಲಿ ಒದ್ದೆ ಬಟ್ಟೆ ಹಾಸಿ ಅದರ ಮೇಲಿಡಿ, ದಿನಕ್ಕೊಂದು ಹೊತ್ತು ಸ್ವಲ್ಪ ನೀರಿನಲ್ಲಿ ಬಿಡಿ ಎಂದು ಹೇಳಿದರು. ಚಿಪ್ಪು ಎಂದರೆ ಅಂಗಿಯ ಹಾಗೆ ಮೇಲೆ ತೊಟ್ಟದ್ದಲ್ಲ; ಆಮೆಯ ಬೆನ್ನೆಲುಬು ಪಕ್ಕೆಲುಬುಗಳೇ ಅಗಲವಾಗಿ ಒಂದಕ್ಕೊಂದು ಕೂಡಿ ಚಿಪ್ಪಾದದ್ದು, ಅಲ್ಲಿ ಪೆಟ್ಟಾದರೆ ಅದಕ್ಕೆ ನೋವಾಗುತ್ತದೆ ಎಂದು ಪುಳ್ಳಿಗೆ ವಿವರಿಸಿದರು. ಕಾರ್ಟೂನಿನಲ್ಲಿ ಆಮೆ ಚಿಪ್ಪು ಬಿಚ್ಚಿಟ್ಟು ಓಡುವುದನ್ನು ನೋಡಿದ್ದ ಅವಳಿಗೆ ಇದು ಹೊಸ ಸುದ್ದಿ.

ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು: "ಫಾರೆಸ್ಟಿನವರಿಗೆ ಒಂದು ಮಾತು ತಿಳಿಸಿ ಆಯ್ತಾ?" ನಾನು ತಲೆಯಾಡಿಸಿದೆ. ತಲೆಯಾಡಿಸಿದ್ದಷ್ಟೇ.

ಅದರ ಹೆಸರೇನು ಎಂದು ಆಮೇಲೆ ಪುಸ್ತಕ ನೋಡಿ ತಿಳಿದುಕೊಂಡೆ. ಇಂಗ್ಲಿಷಿನಲ್ಲಿ ಇಂಡಿಯನ್ ಫ್ಲ್ಯಾಪ್‌ಶೆಲ್ ಟರ್ಟಲ್, ಮುಚ್ಚಳದ ಆಮೆ ಎನ್ನಬಹುದು. ವಿಜ್ಞಾನಿಗಳು ಲಿಸ್ಸೆಮಿಸ್ ಪಂಕ್ಟೇಟಾ ಎನ್ನುತ್ತಾರೆ. ಗಡಿಯಾಚೆಯ ಮಲಯಾಳದವರು ವೆಳ್ಳಾಮ ಎನ್ನುವುದು ಇದನ್ನೇ. ಹಿಂಗಾಲುಗಳ ಬುಡದಲ್ಲಿ ಚರ್ಮದ ಎರಡು ಮಡಿಕೆಗಳಿವೆ. ಕಾಲನ್ನು ಒಳಗೆಳೆದುಕೊಂಡಾಗ ಆ ಮಡಿಕೆಗಳು ಡಬ್ಬಿಯ ಮುಚ್ಚಳದ ಹಾಗೆ ಮುಚ್ಚಿಕೊಳ್ಳುತ್ತವೆ. ಎದುರಿನ ಭಾಗವನ್ನೂ ಹಾಗೆಯೇ ಮುಚ್ಚಬಲ್ಲದು. ಎಲ್ಲ ಮುಚ್ಚಿ ಕೂತರೆ ಕಾವಲಿಯಲ್ಲಿ ಉಬ್ಬಿದ ದೋಸೆಯೇ. ಪುಳ್ಳಿ ಅದಕ್ಕೆ ದೋಸೆ ಎಂದೇ ಹೆಸರಿಟ್ಟಳು. ಮೂಗು ಮಾತ್ರ ತಮಾಷೆಯದು, ಹಂದಿಯ ಮೂಗಿನ ಹಾಗೆ ಮುಂದಕ್ಕೆ ಚಾಚಿಕೊಂಡು ತುದಿಯಲ್ಲಿ ಎರಡು ತೂತು. ಇಡೀ ಮೈ ನೀರಿನೊಳಗಿಟ್ಟು ಆ ತುದಿಯಷ್ಟನ್ನೇ ಮೇಲೆ ಮಾಡಿ ಉಸಿರೆಳೆಯುತ್ತದೆ.

ಬೇಸಗೆಯಲ್ಲಿ ನೀರು ಬತ್ತಿದಾಗ ಈ ಆಮೆ ಕೆಸರಿನೊಳಗೆ ಇಳಿದು ತಿಂಗಳುಗಟ್ಟಲೆ ಅನ್ನಾಹಾರ ಇಲ್ಲದೆ ಮಲಗುತ್ತದೆ. ಮೊದಲ ಮಳೆಗೆ ಎದ್ದು ಬರುತ್ತದೆ. ನಾವು ಹೂಳು ಎಂದು ತೆಗೆದು ಎಸೆದದ್ದು ಅದರ ಮಲಗುವ ಕೋಣೆಯಾಗಿತ್ತು. ಆ ದಿನ ಟಿಪ್ಪರಿನಲ್ಲಿ ಹೋದ ಮಣ್ಣಿನಲ್ಲಿ ಇನ್ನೂ ಎಷ್ಟು ಇದ್ದವೋ, ನನ್ನ ಪುಸ್ತಕದಲ್ಲಿ ಅದರ ಲೆಕ್ಕ ಇಲ್ಲ.

ಹನ್ನೆರಡು ದಿನಕ್ಕೆ ಗಾಯದ ಮೇಲೆ ಹೊಪ್ಪಳೆ ಕಟ್ಟಿತು. ಟಬ್ಬಿನಿಂದ ಕೊಳಕ್ಕೆ ಬಿಟ್ಟೆವು. ಕೊಳದ ಮಧ್ಯೆ ಎರಡು ಕೆಂಪುಕಲ್ಲು ಪೇರಿಸಿ ಬಿಸಿಲು ಕಾಯಲು ಕಟ್ಟೆ ಮಾಡಿಕೊಟ್ಟೆ. ಆಮೆಗೆ ಮೈಯೊಳಗೆ ಬಿಸಿ ಮಾಡಿಕೊಳ್ಳುವ ಶಕ್ತಿ ಇಲ್ಲ, ಬಿಸಿಲಿನಿಂದಲೇ ಪಡೆಯಬೇಕು. ಬಿಸಿಲು ಬೀಳದಿದ್ದರೆ ಮೈಯಲ್ಲಿ ಡಿ ಜೀವಸತ್ವ ಆಗದೆ ಎಲುಬು, ಚಿಪ್ಪು ಎಲ್ಲ ಮೆತ್ತಗಾಗುತ್ತದಂತೆ. ಊಟಕ್ಕೆ ಅನ್ನದ ಅಗುಳು ಹಾಕಿದೆವು, ಮುಟ್ಟಲಿಲ್ಲ. ಬಸಳೆ ಸೊಪ್ಪು ಮೂಸಿ ನೋಡಿತು. ಕೊನೆಗೆ ಪುಳ್ಳಿ ತೋಟದಿಂದ ಎರೆಹುಳು, ಬಸವನಹುಳು ಹೆಕ್ಕಿ ತಂದಳು. ಅಬ್ಬ! ಕುತ್ತಿಗೆ ಅಷ್ಟುದ್ದ ಇದೆಯೆಂದು ಆಗ ಗೊತ್ತಾಯಿತು. ಸಟಕ್ಕನೆ ಚಾಚಿ ಹಿಡಿಯಿತು. ಎರೆಹುಳುವಿನ ಡಬ್ಬಿ ಜಗಲಿ ಹತ್ತಬಾರದು ಎಂದು ಮನೆಯಾಕೆಯ ಆಜ್ಞೆಯಾಯಿತು. ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯುವುದೂ ಕಡ್ಡಾಯ. ಅದಕ್ಕೆ ಕಾರಣವೂ ಇದೆ. ನೋಡಲು ಎಷ್ಟೇ ಚೊಕ್ಕವಾಗಿದ್ದರೂ ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡ ಮಕ್ಕಳಿಗೆ ವಾಂತಿ ಭೇದಿ ಆಗುತ್ತದೆಂದು ಅಮೆರಿಕದಲ್ಲಿ 1975ರಲ್ಲೇ, ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಲ್ಲಿಸಿದರು.

ಆ ಅಮೆರಿಕದ ಆಮೆಗಳೇ ಈಗ ನಮ್ಮ ಪೇಟೆಗಳಿಗೆ ಬಂದಿವೆ. ಕೆನ್ನೆಯ ಮೇಲೆ ಕೆಂಪು ಪಟ್ಟಿ ಇರುವ, ಹಳೆಯ ರೂಪಾಯಿ ನಾಣ್ಯದಷ್ಟಗಲದ ಹಸಿರು ಮರಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಮಾರುವುದನ್ನು ಬೆಂಗಳೂರಿನಲ್ಲಿ ನಾನೇ ನೋಡಿದ್ದೇನೆ. ಮಕ್ಕಳು ಅತ್ತು ಕೊಡಿಸಿಕೊಳ್ಳುತ್ತಾರೆ. ಅದು ಬೆಳೆದು ಊಟದ ತಟ್ಟೆಯಷ್ಟಾಗುತ್ತದೆ, ವಾಸನೆ ಬರುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಆಗ ಅಪ್ಪ ಅಮ್ಮ ಯಾವುದೋ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಬರುತ್ತಾರೆ. ಅದು ಪುಣ್ಯವಲ್ಲ. ನಮ್ಮ ಕೆರೆಯ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎರಡನ್ನೂ ಅದು ಕಸಿಯುತ್ತದೆ. ಹೋದಲ್ಲೆಲ್ಲ ಹಾವಳಿ ಮಾಡುವ ನೂರು ಜೀವಿಗಳ ಪಟ್ಟಿಯೊಂದನ್ನು ಜಗತ್ತಿನ ತಜ್ಞರು ಮಾಡಿದ್ದಾರೆ. ಆ ಪಟ್ಟಿಯಲ್ಲಿ ಈ ಕೆಂಪುಕೆನ್ನೆಯ ಆಮೆಯೂ ಇದೆ.

ನಮ್ಮ ಕತೆಗೆ ಬರುತ್ತೇನೆ. ಮೇ 26ರಂದು ಕೊಳ ತೊಳೆಯಲು ನೀರು ಇಳಿಸಿದೆ. ಮೀನು ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. 23. ಸತ್ತದ್ದು ಮೂರು ಎಂದು ಪುಸ್ತಕದಲ್ಲಿತ್ತು, ಉಳಿದ 14 ಎಲ್ಲಿ? ಬ್ಯಾಂಕಿನಲ್ಲಿ ಸಂಜೆ ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಕೂತು ಹುಡುಕುತ್ತಿದ್ದೆವು. ಇಲ್ಲಿ ಅಷ್ಟು ಹೊತ್ತು ಬೇಕಾಗಲಿಲ್ಲ. ದೋಸೆ ಕಲ್ಲಿನ ಮೇಲೆ ಕಣ್ಣು ಮುಚ್ಚಿ ಬಿಸಿಲು ಕಾಯುತ್ತಾ ಇತ್ತು. ಈ ಆಮೆ ಸಸ್ಯಾಹಾರಿ ಅಲ್ಲ; ಮೀನು, ಕಪ್ಪೆ, ಸತ್ತ ಪ್ರಾಣಿ, ನೀರಿನ ಗಿಡ ಎಲ್ಲವನ್ನೂ ತಿನ್ನುವಂಥದು. ಅದಕ್ಕೇ ಕೆರೆಗಳನ್ನು ಅದು ಚೊಕ್ಕವಾಗಿಡುತ್ತದೆ. ಮೀನಿನ ಕೊಳದಲ್ಲಿ ಆಮೆ ಸಾಕಿದ್ದು ಬೆಕ್ಕಿಗೆ ಹಾಲಿನ ಪಾತ್ರೆ ಕಾಯಲು ಕೊಟ್ಟ ಹಾಗೆ ಎಂದು ಮಗ ಫೋನಿನಲ್ಲಿ ನಕ್ಕ. ಪುಳ್ಳಿಯ ಶಾಲೆ ಶುರುವಾಗುವುದಿತ್ತು, ಮರುದಿನ ಅವಳು ಅಳುತ್ತಾ ಮಂಗಳೂರಿಗೆ ಹೋದಳು. ಆಮೆಯನ್ನು ಏನೂ ಮಾಡುವುದಿಲ್ಲವೆಂದು ನನ್ನಿಂದ ಭಾಷೆ ತೆಗೆದುಕೊಂಡೇ ಹೋದಳು.

ಮೇ 29ರಂದು ದನಕ್ಕೆ ಹುಳದ ಮದ್ದು ಕೊಡಲು ಡಾಕ್ಟರು ಬಂದವರು ಕೊಳದ ಹತ್ತಿರ ಹೋಗಿ ಗಾಯ ನೋಡಿದರು. ಚೆನ್ನಾಗಿ ಮಾಗಿದೆ ಎಂದರು. ನನಗೆ ಸರ್ಟಿಫಿಕೇಟು ಸಿಕ್ಕಷ್ಟು ಖುಷಿ. ಅಷ್ಟರಲ್ಲಿ, "ಫಾರೆಸ್ಟಿನವರಿಗೆ ಹೇಳಿದಿರಲ್ಲ?" ಎಂದು ಕೇಳಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವರು ಬೈಯಲಿಲ್ಲ, ಅಂಗಳದಲ್ಲಿ ಕೂತು ಮಜ್ಜಿಗೆ ಕುಡಿಯುತ್ತಾ ಹೇಳಿದರು. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರ ಒಂದನೇ ಪಟ್ಟಿಯಲ್ಲಿ ಹುಲಿ, ಆನೆಗಳಿವೆ. ಅದೇ ಪಟ್ಟಿಯಲ್ಲಿ ಈ ಮುಚ್ಚಳದ ಆಮೆಯೂ ಇದೆ. ಅದನ್ನು ಹಿಡಿಯುವುದು, ತಿನ್ನುವುದು, ಮಾರುವುದು ಮಾತ್ರವಲ್ಲ, ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು ಎಂದು ಬರೆದಿದೆ. ಗಾಯಗೊಂಡ ಪ್ರಾಣಿಯನ್ನು ಉಳಿಸಲು ಕೈಗೆತ್ತಿಕೊಂಡರೆ ತಪ್ಪಲ್ಲ. ಆದರೆ ಕಾಡುಪ್ರಾಣಿ ಸರಕಾರದ ಸೊತ್ತು, ಸಿಕ್ಕಿದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಲೇಬೇಕು.

ಎರಡು ಮಾತು ನನ್ನನ್ನು ಚುಚ್ಚಿದವು. ಒಂದು, ಆ ಕಾನೂನು ಬಂದ ವರ್ಷವೇ ನಾನು ಬ್ಯಾಂಕಿಗೆ ಸೇರಿದ್ದು. ಇನ್ನೊಂದು, ಏಪ್ರಿಲ್ 21ರಿಂದ ಆ ದಿನಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ 38 ದಿನ. 38 ವರ್ಷ ಕೌಂಟರಿನ ಈಚೆ ಕೂತು, ಒಂದು ಸಹಿ ಓರೆಯಾದರೂ "ಆಗುವುದಿಲ್ಲ, ರೂಲ್ಸು" ಎಂದು ಮುದುಕರನ್ನು ಸಹ ವಾಪಸು ಕಳಿಸಿದವನು ನಾನು.

ಸಂಜೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನು ಮಾಡಿದೆ. (ಮಕ್ಕಳೇ, ಈ ನಂಬರು ಬರೆದಿಟ್ಟುಕೊಳ್ಳಿ. ಕರ್ನಾಟಕದ ಎಲ್ಲಿಂದಲಾದರೂ ಮಾಡಬಹುದು.) ರಾತ್ರಿ ಮಂಗಳೂರಿಗೆ ಫೋನು ಮಾಡಿ ಪುಳ್ಳಿಗೂ ಹೇಳಿದೆ. ಅವಳು ವಕೀಲೆಯ ಹಾಗೆ ವಾದಿಸಿದಳು. "ಅನಂತಪುರದ ದೇವಸ್ಥಾನದಲ್ಲಿ ಬಬಿಯಾ ಮೊಸಳೆ ಇತ್ತಲ್ಲ ಅಜ್ಜ? ಅದಕ್ಕೆ ನೈವೇದ್ಯ ಹಾಕ್ತಿದ್ರಲ್ಲ? ಅದು ತಪ್ಪಲ್ವಾ?" ಕುಂಬಳೆ ಹತ್ತಿರದ ಆ ಸರೋವರದ ಗುಡಿಗೆ ಅವಳನ್ನು ಮೂರು ವರ್ಷದವಳಿದ್ದಾಗ ಕರೆದುಕೊಂಡು ಹೋಗಿದ್ದೆವು. ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಹೋದಾಗ ಊರಿಗೆ ಊರೇ ಹೋಗಿ ಅಂತಿಮ ದರ್ಶನ ಪಡೆದಿತ್ತು. ನಾನು ಹೇಳಿದೆ: ಅದನ್ನು ಯಾರೂ ಹಿಡಿದು ತಂದದ್ದಲ್ಲ ಎನ್ನುತ್ತಾರೆ, ಎಲ್ಲಿಂದ ಬಂತೆಂದೇ ಯಾರಿಗೂ ಗೊತ್ತಿಲ್ಲ. ಅದಕ್ಕೆ ಬೇಕಾದಲ್ಲಿ ಅದು ಇತ್ತು. ದೋಸೆಯನ್ನು ನಾವು ತಂದು ಇಟ್ಟಿದ್ದೇವೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೆ ನಮ್ಮ ಕೊಳ ಇಷ್ಟ ಆಗಿದೆ ಅಜ್ಜ" ಎಂದಳು. ಫೋನು ಅವಳ ಅಮ್ಮ ತೆಗೆದುಕೊಂಡರು.

ಮರುದಿನ ಅರಣ್ಯ ಇಲಾಖೆಯ ಇಬ್ಬರು ಬಂದರು. ಡಾಕ್ಟರ ಚೀಟಿ ನೋಡಿದರು, ಆಮೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಗಾಯ ಮಾಗದಿದ್ದರೆ ಮಂಗಳೂರಿನ ಪಿಲಿಕುಳಕ್ಕೆ ಕಳಿಸಬೇಕಾಗುತ್ತಿತ್ತು, ಈಗ ಬೇಡ, ಸಿಕ್ಕಿದ ಜಾಗಕ್ಕೇ ಬಿಡುವುದು ಒಳ್ಳೆಯದು ಎಂದರು. ಬೇರೆ ಊರಿನ ನೀರಿಗೆ ಬಿಟ್ಟರೆ ಒಂದರ ರೋಗ ಇನ್ನೊಂದಕ್ಕೆ ಅಂಟಬಹುದು, ಅಲ್ಲದೆ ಆಮೆ ತನ್ನ ಜಾಗ ಹುಡುಕಿಕೊಂಡು ರಸ್ತೆ ದಾಟಲು ಹೋಗಿ ಲಾರಿಯಡಿಗೆ ಬೀಳುವುದುಂಟಂತೆ. ನಾವೆಲ್ಲ ಮದಕಕ್ಕೆ ನಡೆದೆವು.

ಮದಕ ಈಗ ಚಂದ ಆಗಿತ್ತು. ಹೂಳು ತೆಗೆದು ಆಳ ಮಾಡಿ, ನಾಲ್ಕೂ ಸುತ್ತ ಕೆಂಪುಕಲ್ಲು ನೆಟ್ಟಗೆ ಕಟ್ಟಿಸಿದ್ದೆವು. ಗೋಡೆಗೆ ದಾರ ಹಿಡಿದು ನೋಡಿದರೂ ಓರೆ ಇಲ್ಲ. ಮೇಸ್ತ್ರಿಯ ಕೆಲಸವನ್ನು ನಾನು ಹತ್ತು ಜನರೆದುರು ಹೊಗಳಿದ್ದೆ. ಇಲಾಖೆಯ ಎಳೆಯ ಹುಡುಗ ಅಂಚಿನಲ್ಲಿ ನಿಂತು ಕೆಳಗೆ ನೋಡಿ, "ಇಲ್ಲಿ ಬಿಟ್ಟರೆ ಇದು ಮೇಲೆ ಹತ್ತುವುದು ಹೇಗೆ ಸರ್?" ಎಂದು ಕೇಳಿದ.

ಈಗ ನನ್ನ ಚಿಕ್ಕಂದಿನ ಒಂದು ಸಂಗತಿ ಹೇಳಬೇಕು. ಇದನ್ನು ನಾನು ಈವರೆಗೆ ಮನೆಯಲ್ಲೂ ಹೇಳಿರಲಿಲ್ಲ.

ನಮ್ಮ ಹಳೆಯ ಮನೆಯ ಬಾವಿ ಹನ್ನೆರಡು ಕೋಲು ಆಳ. ಅದರಲ್ಲಿ ಒಂದು ಆಮೆ ಇತ್ತು. ಇದರ ಹಾಗಲ್ಲ, ಗಟ್ಟಿ ಚಿಪ್ಪಿನ ಕಪ್ಪು ಆಮೆ, ಬೆನ್ನಿನ ಮೇಲೆ ಮೂರು ಏಣು. ಬಾವಿಯಲ್ಲಿ ಆಮೆ ಬಿಟ್ಟರೆ ಹುಳ ಹುಪ್ಪಟೆ ತಿಂದು ನೀರು ಶುದ್ಧವಾಗಿರುತ್ತದೆ ಎಂದು ಆಗ ನಮ್ಮ ಕಡೆ ಬಹಳ ಮನೆಗಳಲ್ಲಿ ಬಿಡುತ್ತಿದ್ದರು. ನಾನು ಹುಟ್ಟುವ ಮೊದಲೇ ಅಜ್ಜ ಬಿಟ್ಟದ್ದಂತೆ. ರಾಟೆಯ ಸದ್ದಾದರೆ ಕೆಳಗೆ ಕಪ್ಪಗೆ ಏನೋ ಕದಲುವುದು ಕಾಣುತ್ತಿತ್ತು. ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ನೀರಿನ ಮೇಲೆ ಒಂದು ತಟ್ಟೆಯಷ್ಟು ಬಿಸಿಲು ಬೀಳುತ್ತದೆ. ಆಮೆ ಆ ಬಿಸಿಲಿನಲ್ಲಿ ಬಂದು ನಿಲ್ಲುತ್ತಿತ್ತು. ಬಿಸಿಲು ಸರಿದರೆ ತಾನೂ ಸರಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಬಿಸಿಲು ಗೋಡೆ ಹತ್ತಿ ಹೋಗುತ್ತಿತ್ತು. ನಾನು ಮೇಲಿನಿಂದ ಅರಳು ಎಸೆಯುತ್ತಿದ್ದೆ.

ಮೇ ತಿಂಗಳಲ್ಲಿ ಬಾವಿಯ ಕೆಸರು ತೆಗೆಸುವಾಗ ಆಮೆಯನ್ನು ಹೆಡಗೆಯಲ್ಲಿಟ್ಟು ಮೇಲೆಳೆದು, ಅಂಗಳದಲ್ಲಿ ಆ ಹೆಡಗೆಯನ್ನೇ ಕವುಚಿ ಹಾಕಿ, ಮೇಲೊಂದು ಕಲ್ಲಿಡುತ್ತಿದ್ದರು. ನನಗೆ ಒಂಬತ್ತು ವರ್ಷ. ಎಲ್ಲರೂ ಬಾವಿಕಟ್ಟೆಯಲ್ಲಿದ್ದಾಗ ನಾನು ಹೆಡಗೆ ಎತ್ತಿದೆ. ಆಮೆ ಸ್ವಲ್ಪ ಹೊತ್ತು ಹಾಗೇ ಇತ್ತು. ಮತ್ತೆ ತಲೆ ಹೊರಗೆ ಹಾಕಿತು, ಆ ಕಡೆ ಈ ಕಡೆ ನೋಡಲಿಲ್ಲ, ನೇರ ತೋಟದ ಕಡೆಗೆ ಹೊರಟಿತು. ತೋಟದ ಕೆಳಗೆ ತೋಡು ಇದೆ. ಅಂಗಳ ದಾಟಿತು, ಹಟ್ಟಿಯ ಬದಿ ದಾಟಿತು, ಕಣಿಯ ದಂಡೆಯವರೆಗೂ ಹೋಯಿತು. ವರ್ಷಕ್ಕೆ ಒಂದು ದಿನ ಮಾತ್ರ ನೆಲ ತುಳಿಯುವ ಪ್ರಾಣಿಗೆ ಅಲ್ಲಿ ನೀರಿದೆ ಎಂದು ಹೇಗೆ ಗೊತ್ತಾಯಿತೋ. ನಾನು ಓಡಿಹೋಗಿ ಎರಡೂ ಕೈಯಲ್ಲಿ ಎತ್ತಿಕೊಂಡು, "ಅಜ್ಜಾ, ಓಡ್ತಾ ಇತ್ತು, ನಾನು ಹಿಡಿದೆ" ಎಂದು ತಂದುಕೊಟ್ಟೆ. ಅಜ್ಜ ಬೆನ್ನು ತಟ್ಟಿದರು. ಸಂಜೆ ಅದನ್ನು ಬಾವಿಗೆ ಇಳಿಸಿದರು. ಅದು ಮತ್ತೆ ಎಷ್ಟು ವರ್ಷ ಅಲ್ಲಿತ್ತು ಎಂದರೆ, ನಾನು ಕಾಲೇಜಿಗೆ ಹೋಗುವಾಗಲೂ ಇತ್ತು.

ಮದಕದ ಅಂಚಿನಲ್ಲಿ ಆ ಹುಡುಗ ಹಾಗೆ ಕೇಳಿದಾಗ ನನಗೆ ಅದೆಲ್ಲ ನೆನಪಾಗಿ ಉತ್ತರ ಹೊಳೆಯಲಿಲ್ಲ.

ಇಲಾಖೆಯವರು ಆಮೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡು ಮಹಜರು ಬರೆದರು. ನೀವು ಇಲ್ಲಿ ಹತ್ತಿಳಿಯಲು ದಾರಿ ಮಾಡಿದರೆ ಇಲ್ಲಿಯೇ ಬಿಡೋಣ, ಇಲ್ಲದಿದ್ದರೆ ಕೆಳಗಿನ ತೋಡಿಗೆ ಎಂದರು. ನಾನು ಸಹಿ ಹಾಕಿದೆ. ಸಾವಿರಾರು ಜನರ ಸಹಿ ತಾಳೆ ನೋಡಿದವನ ಸಹಿ ಆ ದಿನ ನನ್ನದೇ ಎಂದು ಯಾವ ಗುಮಾಸ್ತನೂ ಪಾಸು ಮಾಡುತ್ತಿರಲಿಲ್ಲ.

ಮದಕದ ಪಾಲುದಾರರಲ್ಲಿ ಆಚೆಮನೆಯವನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. "ಒಂದು ಆಮೆಗೋಸ್ಕರ ಕಟ್ಟಿದ ಗೋಡೆ ಒಡೆಯುವುದಾ ಅಣ್ಣ? ಹೋದ ತಿಂಗಳಷ್ಟೆ ದುಡ್ಡು ಕೊಟ್ಟದ್ದು" ಎಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಮೇಸ್ತ್ರಿಯೂ ಮುಖ ಸಣ್ಣ ಮಾಡಿದ. ಆಮೆಯ ಮಾತು ನಡೆಯುವುದಿಲ್ಲ ಎಂದು ಕಂಡಾಗ ನಾನು ಬೇರೆ ದಾರಿ ಹಿಡಿದೆ. ದನ ಕರು ನೀರು ಕುಡಿಯಲು ಹೋಗಿ ಬಿದ್ದರೆ ಮೇಲೆ ತರುವುದು ಹೇಗೆ ಎಂದೆ. ಶಾಲೆಗೆ ಹೋಗುವ ಮಕ್ಕಳು ಇಣುಕುತ್ತಾರೆ ಎಂದೆ. ಖರ್ಚು ನನ್ನ ಪೆನ್ಶನ್ನಿನದು ಎಂದೆ. ಕೊನೆಯ ಮಾತಿಗೆ ಅವನು ಒಪ್ಪಿದ. ಪಡುವಣ ಮೂಲೆಯಲ್ಲಿ ಎಂಟಡಿ ಗೋಡೆ ತೆಗೆಸಿ, ಮಣ್ಣು ತುಂಬಿಸಿ, ನೀರಿನವರೆಗೆ ಇಳಿಜಾರು ಮಾಡಿಸಿದೆ. ಮಣ್ಣು ಕೊಚ್ಚಿ ಹೋಗದಂತೆ ಲಾವಂಚ ನೆಟ್ಟೆವು. ಬದಿಯಲ್ಲಿ ಸ್ವಲ್ಪ ಜಾಗ ಹಾಗೇ ಬಿಟ್ಟೆವು. ಈ ಆಮೆ ನೆಲದಲ್ಲಿ ಹೊಂಡ ತೋಡಿ ಮೊಟ್ಟೆ ಇಡುತ್ತದೆ, ನೀರಿನಲ್ಲಿ ಅಲ್ಲ. ನೆಟ್ಟಗಿನ ಗೋಡೆಯ ಕೆರೆಯಲ್ಲಿ ಅದು ಹೇಗೋ ಬದುಕಿದರೂ ಸಂಸಾರ ಮಾಡಲಾರದು. ಕೆರೆ ಅಭಿವೃದ್ಧಿ ಎಂದು ಊರೂರಲ್ಲಿ ಹೂಳೆತ್ತಿಸುವುದು ಒಳ್ಳೆಯ ಕೆಲಸವೇ. ನಾನೇ ಹಣ ಹಾಕಿದವನು. ಒಂದು ಮಗ್ಗುಲಲ್ಲಿ ಇಳಿಜಾರು ಬಿಡಿ ಎಂದು ಮಾತ್ರ ಈಗ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿರುತ್ತೇನೆ.

ಆ ಹತ್ತು ದಿನ ಪುಳ್ಳಿಯನ್ನು ಸಮಾಧಾನ ಮಾಡಲು ಆಮೆಗಳ ಕತೆ ಹುಡುಕಿ ಹುಡುಕಿ ಫೋನಿನಲ್ಲಿ ಹೇಳಿದೆ. ಸುಳ್ಯದ ಕಡೆಯಿಂದ ಹರಿದು ಕಾಸರಗೋಡಿನಲ್ಲಿ ಕಡಲು ಸೇರುವ ಪಯಸ್ವಿನಿ, ಅಲ್ಲಿ ಅದರ ಹೆಸರು ಚಂದ್ರಗಿರಿ ಹೊಳೆ. ಅದರಲ್ಲಿ ಒಂದು ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲ, ನೂರು ಕಿಲೋ ತೂಗಬಲ್ಲ ದೈತ್ಯ ಮೆದುಚಿಪ್ಪಿನ ಆಮೆ ಇದೆ. ಕ್ಯಾಂಟರ್ ಆಮೆ ಎನ್ನುತ್ತಾರೆ. ನಮ್ಮ ದೋಸೆಯ ದೊಡ್ಡಪ್ಪ ಎನ್ನಿ. ಕಣ್ಣು, ಮೂಗು ಮಾತ್ರ ಹೊರಗಿಟ್ಟು ಮರಳಿನಲ್ಲಿ ಹೂತುಕೊಂಡು ಮೀನಿಗೆ ಹೊಂಚು ಹಾಕುವ ಇದು ಹೆಚ್ಚಿನ ವಿಜ್ಞಾನಿಗಳಿಗೆ ಕಣ್ಣಿಗೇ ಬಿದ್ದಿರಲಿಲ್ಲ. ಆಯುಷಿ ಜೈನ್ ಎಂಬ ಯುವ ಸಂಶೋಧಕಿ ಬಂದು ಹೊಳೆಬದಿಯ ಜನರ ಜೊತೆ ಮಾತಾಡಿ, ಅವರನ್ನೇ ಕಾವಲುಗಾರರನ್ನಾಗಿ ಮಾಡಿಕೊಂಡು, ಅಲ್ಲಿ ಅದು ಮೊಟ್ಟೆಯಿಡುತ್ತದೆಂದು ದಾಖಲಿಸಿದರು. ನೀರೇರಿ ಮುಳುಗಿದ ಗೂಡಿನ ಮೊಟ್ಟೆಗಳನ್ನು ತೆಗೆದು ಕಾಪಾಡಿ, ಒಡೆದು ಬಂದ ಮರಿಗಳನ್ನು ಹೊಳೆಗೇ ಬಿಟ್ಟರು. ಆ ವರದಿ 2023ರಲ್ಲಿ ಪ್ರಕಟವಾಯಿತು.

ಇನ್ನೊಬ್ಬರು ಜೆ. ವಿಜಯಾ. ಪಶ್ಚಿಮ ಘಟ್ಟದ ಕಾಡಿನ ಒಂದು ಪುಟ್ಟ ಆಮೆಯನ್ನು 1912ರಲ್ಲಿ ವರ್ಣಿಸಿದ ಮೇಲೆ ಸುಮಾರು 70 ವರ್ಷ ಯಾವ ವಿಜ್ಞಾನಿಯೂ ಕಂಡಿರಲಿಲ್ಲ. 1982ರಲ್ಲಿ ಕೇರಳದ ಕಾಡಿನಲ್ಲಿ ಅದನ್ನು ಮತ್ತೆ ಹುಡುಕಿದವರು ಈ ಹುಡುಗಿ. ಎಳೆಯ ವಯಸ್ಸಿನಲ್ಲೇ ತೀರಿಹೋದರು. 2006ರಲ್ಲಿ ಆ ಆಮೆಯ ಕುಲಕ್ಕೇ ವಿಜಯಾಕೆಲಿಸ್ ಎಂದು ಅವರ ಹೆಸರಿಟ್ಟರು. "ಆಮೆಗೆ ಹುಡುಗಿಯ ಹೆಸರಾ!" ಎಂದು ಪುಳ್ಳಿಗೆ ಬಹಳ ಖುಷಿಯಾಯಿತು. ತನ್ನ ಹೆಸರಿನ ಮುಂದೆಯೂ ಕೆಲಿಸ್ ಸೇರಿಸಿ ನೋಡಿದಳಂತೆ.

ಜೂನ್ 9, ಭಾನುವಾರ. ಮಳೆ ಹಿಡಿದಿತ್ತು. ಮದಕದಲ್ಲಿ ಸೊಂಟದವರೆಗೆ ನೀರು ನಿಂತಿತ್ತು. ಮಗ, ಸೊಸೆ, ಪುಳ್ಳಿ ಬಂದರು. ಇಲಾಖೆಯವರು ಟಬ್ಬು ಹಿಡಿದುಕೊಂಡು ಬಂದರು. ಆಚೆಮನೆಯವನೂ ಕೊಡೆ ಹಿಡಿದು ಬಂದ. ಇಳಿಜಾರಿನ ನಡುವೆ ಟಬ್ಬು ಓರೆ ಮಾಡಿ ಆಮೆಯನ್ನು ಇಳಿಸಿದರು. ಅದು ದೋಸೆಯಾಗಿ ಕೂತಿತು. ಮಳೆ ಹನಿ ಬೆನ್ನಿಗೆ ಬೀಳುತ್ತಿತ್ತು. ಯಾರೂ ಮಾತಾಡಲಿಲ್ಲ. ಹತ್ತು ನಿಮಿಷವಾದರೂ ಆಗಿರಬಹುದು. ಮತ್ತೆ ಮೂಗು ಬಂತು, ಕುತ್ತಿಗೆ ಬಂತು. ನೀರಿಗೆ ಹೋಗುತ್ತದೆಂದು ನಾವೆಲ್ಲ ಕಾದರೆ ಅದು ತಿರುಗಿ ಇಳಿಜಾರು ಹತ್ತತೊಡಗಿತು! ಪುಳ್ಳಿ ನನ್ನ ಮುಖ ನೋಡಿದಳು. ನಮ್ಮ ಮನೆಯ ಕಡೆಗೇ ಹೊರಟಿದೆ ಎಂದು ಅವಳಿಗೆ ಅನಿಸಿರಬೇಕು. ಎತ್ತಿಕೊಳ್ಳಲು ಬಗ್ಗಿದವಳ ಭುಜ ಹಿಡಿದು ನಿಲ್ಲಿಸಿದೆ. ಅದು ಲಾವಂಚದ ಬುಡದವರೆಗೆ ಹೋಗಿ, ಅಲ್ಲಿನ ಹಸಿಮಣ್ಣನ್ನು ಮೂಸಿ, ನಿಧಾನಕ್ಕೆ ಸುತ್ತು ಹಾಕಿ, ಕೆಳಗಿಳಿದು ನೀರಿಗೆ ಸೇರಿತು. ಕೆಂಪುನೀರಿನಲ್ಲಿ ಒಂದು ಗುಳ್ಳೆ ಬಂತು. ಅಷ್ಟೆ.

ಈಗ ಕೊಳದಲ್ಲಿ 23 ಮೀನುಗಳಿವೆ, ಒಂದೊಂದು ಮೊಳದುದ್ದ ಬೆಳೆದಿವೆ. ಇಳಿಜಾರಿನಲ್ಲಿ ಆಚೆಮನೆಯವನ ದನ ದಿನಾ ಇಳಿದು ನೀರು ಕುಡಿಯುತ್ತದೆ. ಖರ್ಚಿನ ಮೂರನೆಯ ಒಂದು ಪಾಲನ್ನು ಅವನು ದೀಪಾವಳಿಗೆ ಬಂದಾಗ ಒತ್ತಾಯ ಮಾಡಿ ಕೊಟ್ಟುಹೋದ. ಪುಳ್ಳಿ ರಜೆಗೆ ಬಂದಾಗಲೆಲ್ಲ ಬೆಳಗ್ಗೆ ಎದ್ದು ಮದಕದ ಅಂಚಿನಲ್ಲಿ ಕೂರುತ್ತಾಳೆ. ಹೋದ ಸಲ ಹಂದಿಮೂಗಿನ ತುದಿಯೊಂದು ನೀರಿನ ಮೇಲೆ ಬಂದು ಉಸಿರೆಳೆದು ಹೋಯಿತಂತೆ. ಬಲಗಡೆ ಗಾಯದ ಗುರುತು ಇತ್ತಾ ಎಂದು ಕೇಳಿದೆ. ಮೂಗು ಮಾತ್ರ ಕಂಡದ್ದು ಎಂದಳು. ಅರ್ಧ ಗಂಟೆಯ ಮೇಲೆ ಇನ್ನೊಂದು ಮೂಗು ಆ ಬದಿಯಲ್ಲಿ ಬಂತಂತೆ, ಅದೇ ಈಜಿಕೊಂಡು ಹೋದದ್ದೋ, ಬೇರೆಯದೋ ತಿಳಿಯಲಿಲ್ಲವಂತೆ. ಪುಸ್ತಕದಲ್ಲಿ ಎಷ್ಟು ಎಂದು ಬರೆಯುವುದು ಅಜ್ಜ ಎಂದು ಕೇಳಿದಳು. ಆ ಕಾಲಂ ಖಾಲಿ ಬಿಡು ಎಂದೆ.